ಯುದ್ಧ ತೀರಿದ ಮೇಲಣ ಮನೆ

(ಸಮುವೇಲನ ಎರಡನೆಯ ಗ್ರಂಥದ 18ನೆಯ ಅಧ್ಯಾಯದ ಕಡೆಯ ಭಾಗವನ್ನೂ 19ನೆಯ ಅಧ್ಯಾಯದಲ್ಲಿ 30ನೆಯ ವಚನದ ವರೆಗೂ ಮೊದಲು ಓದಿಕೊಳ್ಳಿರಿ.)



ಅರಸನಾದ ದಾವೀದನು ತನ್ನ ಸ್ವಂತ ಮಗನಾದ ಅಬ್ಷಾಲೋಮನ ದಂಗೆಯ ದೆಸೆಯಿಂದ ಯೆರೂಸಲೇಮನ್ನು ಬಿಟ್ಟು, ಯೊರ್ದನ್ ಹೊಳೆಯ ಆಚೆ ಮಹನಯಿಮೆಂಬ ಊರಲ್ಲಿ ಆಶ್ರಯ ಹೊಂದಿದ್ದನೆಂಬದನ್ನು ನೀವು ಬಲ್ಲಿರಿ. ಕಾಳಗದ ದಿವಸ ಅವನ ಜನರು ಅವನನ್ನು ರಣರಂಗಕ್ಕೆ ಬರಗೊಡಲಿಲ್ಲ. ಆದಕಾರಣ ಅವನು ಒಳಬಾಗಲು ಹೊರಬಾಗಲುಗಳ ನಡುವೆ ಕೂತುಕೊಂಡು ದಾರಿಯನ್ನು ನೋಡುತ್ತಾ ಇದ್ದನು. ಇಬ್ಬರು ದೂತರು ಒಬ್ಬನ ಹಿಂದೆ ಒಬ್ಬನು ಓಡಿಬಂದರು. ಗೆದ್ದೆವೋ ಸೋತೆವೋ ಎಂದು ಅವನು ವಿಚಾರಿಸಲಿಲ್ಲ. ಇಬ್ಬರ ಹತ್ತಿರವೂ ಹುಡುಗನು ಕ್ಷೇಮವೋ ಎಂಬ ಒಂದೇ ಮಾತನ್ನು ಕೇಳಿದನು. ಕ್ಷೇಮವಿಲ್ಲವೆಂದು ತಿಳಿದಾಗ ಬಾಗಲ ಮೇಲಿನ ಕೋಣೆಗೆ ಹತ್ತಿಹೋಗಿ ಅತ್ತನು. ಗೆದ್ದುಬಂದ ದಂಡಿನವರು ಓಡಿಬಂದ ಹೇಡಿಗಳ ಹಾಗೆ ತಲೆ ತಗ್ಗಿಸಿ ಕಳ್ಳತನದಿಂದ ಊರೊಳಗೆ ಸೇರಿದರು.

ಪ್ರಸಂಗಿಗಳು ಸಾಧಾರಣವಾಗಿ ಇಲ್ಲಿಗೇ ನಿಲ್ಲಿಸಿ, ತಂದೆಯ ಪ್ರೀತಿಯನ್ನು ಕುರಿತು ಮಾತಾಡುವದುಂಟು. ನಾವೂ ಹಲವು ಸಾರಿ ಹಾಗೆಯೇ ಮಾಡಿದ್ದೇವೆ. ಆದರೆ ಯುದ್ಧವು 18ನೆಯ ಅಧ್ಯಾಯದಲ್ಲಿ ತೀರಿತು. ಮನೆಯವರ ಕಷ್ಟವು 19ನೆಯದರಲ್ಲಿ ಆರಂಭವಾಯಿತು. ಒಂದೇ ಮನೆಯವರು ಹೊಡೆದಾಡಿ ಕತ್ತಿಯನ್ನು ಕೆಳಗಿಟ್ಟ ಮೇಲೆ ಯಾರು ಯಾರ ಮುಖವನ್ನು ಹೇಗೆ ನೋಡಬೇಕು? ಯಾರ ಹೊಲ ಯಾರಿಗೆ ಸೇರಬೇಕು? ಇದನ್ನು ತಿಳಿಯುವದಕ್ಕೋಸ್ಕರ ನಾವು ಈ ತಿಂಗಳಲ್ಲಿ ಇನ್ನೊಂದು ದೇಶದ ಚರಿತ್ರೆಯನ್ನು ಸತ್ಯವೇದದ ಪಕ್ಕದಲ್ಲಿ ಇಟ್ಟು ಓದೋಣ.

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1861ನೆಯ ಇಸವಿಯಿಂದ 1865ರ ವರೆಗೆ ಉತ್ತರದವರಿಗೂ ದಕ್ಷಿಣದವರಿಗೂ ಘೋರವಾದ ಸ್ವಜನಯುದ್ಧವು ನಡೆಯಿತು. ಆ ಕಾಲದಲ್ಲಿ ಆ ದೇಶದಲ್ಲಿ ಸುಮಾರು 40 ಲಕ್ಷ ಮಂದಿ ಕಪ್ಪುಜನರು ದಾಸರಾಗಿದ್ದರು. ದನಕರುಗಳ ಹಾಗೆ ಅವರನ್ನು ಸಂತೆಯಲ್ಲಿ ಮಾರುತ್ತಿದ್ದರು. ದಾಸತ್ವವನ್ನು ಉಳಿಸಿಕೊಳ್ಳುವದಕ್ಕಾಗಿ ದಕ್ಷಿಣದ 11 ಸಂಸ್ಥಾನಗಳು ಬೇರೆಯಾದವು. ಯುದ್ಧಕ್ಕೆ ಬೇರೆ ಕಾರಣಗಳನ್ನು ಹೇಳುವವರೂ ಉಂಟು. ಆದರೆ ಬೇರನ್ನು ಅಗೆದು ನೋಡಿದರೆ ದಾಸತ್ವವೇ ಸಿಕ್ಕುತ್ತದೆ. ಇನ್ನೊಂದು ಸಂಗತಿಯನ್ನು ನಾವು ನಾಚಿಕೆಯಿಂದ ಹೇಳಬೇಕಾಗಿದೆ. ದೇಶವು ಒಡೆಯುವದಕ್ಕೆ ಮುಂಚೆ ಸಭೆಗಳೇ ಒಡೆದವು. 1844ರಲ್ಲಿ ಮೆಥೊಡಿಸ್ಟರೂ 1845ರಲ್ಲಿ ಬ್ಯಾಪ್ಟಿಸ್ಟರೂ ಇದೇ ವಿಷಯದಲ್ಲಿ ಇಬ್ಭಾಗವಾದರು. ದಕ್ಷಿಣದ ಬೋಧಕರಲ್ಲಿ ಅನೇಕರು ನಮ್ಮ ಕೈಯಲ್ಲಿರುವ ಈ ವೇದಪುಸ್ತಕವನ್ನೇ ತೆರೆದು ದಾಸತ್ವವು ನ್ಯಾಯವೆಂದು ಸಾಧಿಸಿದರು.

ಕಾಳಗಗಳ ವಿವರವು ನಮಗೆ ಬೇಡ. ಸತ್ತವರ ಲೆಕ್ಕವನ್ನು ಚರಿತ್ರಕಾರರು 6 ಲಕ್ಷ 20 ಸಾವಿರದಿಂದ 7 ಲಕ್ಷ 50 ಸಾವಿರದ ವರೆಗೆ ಹೇಳುತ್ತಾರೆ. ಊರಬಾಗಲಲ್ಲಿ ಕೂತವರ ಗತಿ ಏನಾಯಿತೆಂಬದನ್ನು ನೋಡೋಣ.

ದಕ್ಷಿಣದ ರೇವುಗಳಿಗೆ ಉತ್ತರದ ಹಡಗುಗಳು ಕಾವಲು ಹಾಕಿದ್ದರಿಂದ ಮೊದಲು ಉಪ್ಪು ಮುಗಿಯಿತು. ಮಾಂಸಕ್ಕೆ ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿ ಇಡುವ ಕೋಣೆಗಳು ಅಲ್ಲಿಯ ಒಕ್ಕಲಿಗರ ಮನೆಗಳಲ್ಲಿ ಇರುತ್ತಿದ್ದವು. ಹಿಂದಿನ ವರುಷಗಳಲ್ಲಿ ತೊಟ್ಟಿಕ್ಕಿದ ಉಪ್ಪು ಆ ನೆಲದಲ್ಲಿ ಇಂಗಿತ್ತಲ್ಲವೇ? ಹೆಂಗಸರು ಆ ಮಣ್ಣನ್ನು ಅಗೆದು, ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ಉಪ್ಪನ್ನು ತೆಗೆದರು. ಕಾಫಿಗೆ ಬದಲಾಗಿ ಬೆಂಡೆಯ ಬೀಜವನ್ನೂ ಗೆಣಸಿನ ಚೂರನ್ನೂ ಹುರಿದರು. ಅಟ್ಟದ ಮೇಲಿದ್ದ ರಾಟೆಗಳು ಕೆಳಗಿಳಿದವು; ನೂಲನ್ನು ಮನೆಯಲ್ಲೇ ತೆಗೆದು ಬಟ್ಟೆಯನ್ನು ಮನೆಯಲ್ಲೇ ನೇಯ್ದರು. ಗಂಡಸರು ದಂಡಿಗೆ ಹೋದದ್ದರಿಂದ ಹೆಂಗಸರೂ ಮಕ್ಕಳೂ ನೇಗಿಲು ಹಿಡಿದರು. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಸರಕಾರಕ್ಕೆ ಒಪ್ಪಿಸಬೇಕೆಂದು 1863ರಲ್ಲಿ ಕಟ್ಟಳೆಯಾಯಿತು. ದೇವರಿಗೆ ದಶಮಾಂಶವನ್ನು ಕೊಡುವದಕ್ಕೆ ನಾವು ಎಷ್ಟೋ ಗೊಣಗುತ್ತೇವೆ. ಅವರು ಯುದ್ಧಕ್ಕೆ ಕೊಟ್ಟರು. ಅಷ್ಟರಲ್ಲಿ 20 ಮಂದಿ ದಾಸರುಳ್ಳ ತೋಟಕ್ಕೆ ಒಬ್ಬ ಬಿಳಿಯನು ದಂಡಿಗೆ ಹೋಗದೆ ಮನೆಯಲ್ಲೇ ನಿಲ್ಲಬಹುದೆಂಬ ಕಾಯಿದೆಯೂ 1862ರಲ್ಲಿ ಆಗಿತ್ತು. ಧನಿಕನ ಮಗನು ಮನೆಯಲ್ಲಿ, ಬಡವನ ಮಗನು ಕಂದಕದಲ್ಲಿ. ಮಕ್ಕಳು ಹಸಿದಿದ್ದಾರೆ, ಬಾ ಎಂದು ಹೆಂಡತಿಯರು ಬರೆದ ಕಾಗದಗಳನ್ನು ಓದಿ ಎಷ್ಟೋ ಮಂದಿ ಸಿಪಾಯಿಗಳು ದಂಡನ್ನು ಬಿಟ್ಟು ಓಡಿಬಂದರು.

ದಕ್ಷಿಣದವರ ರಾಜಧಾನಿಯು ರಿಚ್ಮಂಡ್ ಎಂಬ ಪಟ್ಟಣ. ಅಲ್ಲಿ 1863ನೆಯ ಏಪ್ರಿಲ್ ತಿಂಗಳ ಮೊದಲಲ್ಲಿ ಹಸಿದ ಹೆಂಗಸರು ಒಂದು ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಕೂಡಿಕೊಂಡು ಮಾತಾಡಿ, 2ನೆಯ ತಾರೀಖಿನಲ್ಲಿ ಬೀದಿಗಿಳಿದು ಅಂಗಡಿಗಳನ್ನು ಒಡೆದರು. ಅಧ್ಯಕ್ಷನಾದ ಜೆಫರ್ಸನ್ ಡೇವಿಸನು ಒಂದು ಬಂಡಿಯ ಮೇಲೆ ನಿಂತು ತನ್ನ ಜೇಬಿನಲ್ಲಿದ್ದ ಹಣವನ್ನು ಅವರ ಕಡೆಗೆ ಎಸೆದು, ಚದರಿ ಹೋಗದಿದ್ದರೆ ಗುಂಡು ಹಾರಿಸುವೆನೆಂದು ಬೆದರಿಸಿದನು. ಸರಿಯಾಗಿ ಎರಡು ವರುಷಗಳಾದ ಮೇಲೆ, 1865ನೆಯ ಏಪ್ರಿಲ್ 2, ಆದಿತ್ಯವಾರ, ಅದೇ ಡೇವಿಸನು ಸಂತ ಪೌಲನ ದೇವಾಲಯದಲ್ಲಿ ಆರಾಧನೆಗೆ ಕೂತಿದ್ದಾಗ ಅವನ ಕೈಗೆ ಒಂದು ತಂತಿ ಬಂತು. ಕೋಟೆಯ ಸಾಲು ಮುರಿಯಿತು, ಈ ರಾತ್ರಿಯೇ ಪಟ್ಟಣವನ್ನು ಬಿಡಬೇಕೆಂದು ಸೇನಾಪತಿಯಾದ ಲೀಯು ಅದರಲ್ಲಿ ತಿಳಿಸಿದ್ದನು. ಅವನು ಎದ್ದುಹೋದನು. ಹಿಂದೆಗೆಯುವ ಸ್ವಂತ ದಂಡಿನವರೇ ಹೊಗೆಸೊಪ್ಪಿನ ಉಗ್ರಾಣಗಳಿಗೆ ಹಚ್ಚಿದ ಬೆಂಕಿಯು ಪಟ್ಟಣದ ಪೇಟೆಯನ್ನು ಸುಟ್ಟಿತು. ಮರುದಿನ ಒಳಗೆ ಬಂದು ಆ ಬೆಂಕಿಯನ್ನು ಆರಿಸಿದವರು ಶತ್ರುಗಳಾದ ಉತ್ತರದ ಸಿಪಾಯಿಗಳು. ಒಳಗೆ ಬಂದ ಆ ದಂಡಿನಲ್ಲಿ ಕಪ್ಪುಜನರ ಪಟಾಲಮುಗಳೂ ಇದ್ದವು.

ಅದೇ ತಿಂಗಳ 9ನೆಯ ತಾರೀಖು ಗರಿಗಳ ಆದಿತ್ಯವಾರ. ಅಂದು ಲೀಯು ಉತ್ತರದ ಸೇನಾಪತಿಯಾದ ಗ್ರ್ಯಾಂಟನಿಗೆ ಅಪೊಮ್ಯಾಟಕ್ಸ್ ಎಂಬ ಹಳ್ಳಿಯ ಒಂದು ಮನೆಯಲ್ಲಿ ಶರಣಾದನು. ಆ ಮನೆಯ ಯಜಮಾನನ ಹೆಸರು ವಿಲ್ಮರ್ ಮೆಕ್ಲೀನ್. ಯುದ್ಧದ ಮೊದಲನೆಯ ವರುಷದಲ್ಲಿ ಇವನ ಹಳೆಯ ಮನೆಯ ಹತ್ತಿರವೇ ಮೊದಲನೆಯ ದೊಡ್ಡ ಕಾಳಗವು ನಡೆದು, ಫಿರಂಗಿಯ ಗುಂಡು ಅಡಿಗೆಮನೆಯ ಒಲೆಯಲ್ಲಿ ಬಿದ್ದಿತ್ತು. ಇನ್ನು ಈ ಗೊಡವೆ ಬೇಡವೆಂದು ದೂರದ ಹಳ್ಳಿಗೆ ವಲಸೆ ಹೋದವನ ನಡುಮನೆಗೇ ಯುದ್ಧವು ಅವನನ್ನು ಹುಡುಕಿಕೊಂಡು ಬಂತು. ಕಾಗದಕ್ಕೆ ರುಜು ಆದ ಮೇಲೆ ಅಧಿಕಾರಿಗಳು ನೆನಪಿಗೆಂದು ಅವನ ಮೇಜು ಕುರ್ಚಿಗಳನ್ನು ಒಯ್ದರು. ಕೆಲವರು ಹಣ ಕೊಟ್ಟರು, ಕೆಲವರು ಸುಮ್ಮನೆ ಎತ್ತಿಕೊಂಡು ಹೋದರು. ಮಹನಯಿಮಿನ ಬಾಗಲಲ್ಲಿಯೂ ಕುಳಿತವನಿಗೆ ಭದ್ರತೆ ಇರಲಿಲ್ಲ.

ಸಮಾಧಾನದ ಸುದ್ದಿಯು ಒಂದೇ. ಅದನ್ನು ಕೇಳಿದ ಮನೆಗಳು ಬೇರೆಬೇರೆ. ಉತ್ತರದಲ್ಲಿ ದೀಪಗಳನ್ನು ಹಚ್ಚಿದರು. ಆದರೆ ಐದೇ ದಿವಸಗಳಲ್ಲಿ, ಕರ್ತನು ಶಿಲುಬೆಗೇರಿದ ಶುಕ್ರವಾರದ ಸಾಯಂಕಾಲ, ಅಧ್ಯಕ್ಷನಾದ ಅಬ್ರಹಾಂ ಲಿಂಕನನಿಗೆ ಗುಂಡು ತಗಲಿತು. ಪುನರುತ್ಥಾನದ ಹಬ್ಬಕ್ಕೆ ಅಲಂಕರಿಸಬೇಕಾದ ದೇವಾಲಯಗಳಿಗೆ ಕಪ್ಪು ಬಟ್ಟೆಯನ್ನು ಹೊದಿಸಿದರು. ದಕ್ಷಿಣದ ವಿಧವೆಯರಿಗೆ ಗಂಡನೂ ಇಲ್ಲ, ಅವನು ಯಾವದಕ್ಕಾಗಿ ಸತ್ತನೋ ಆ ರಾಜ್ಯವೂ ಇಲ್ಲ; ಪೆಟ್ಟಿಗೆಯಲ್ಲಿದ್ದ ನೋಟುಗಳಿಗೆ ಕಾಗದದ ಬೆಲೆಯೂ ಇಲ್ಲ. ಇನ್ನು ದಾಸರಿಗೆ ಆ ಸುದ್ದಿಯೇ ಎಲ್ಲಾ ಕಡೆ ಮುಟ್ಟಲಿಲ್ಲ. ಟೆಕ್ಸಾಸ್ ಸೀಮೆಯ ಗ್ಯಾಲ್ವೆಸ್ಟನ್ ಎಂಬ ರೇವಿನಲ್ಲಿ, ನೀವು ಸ್ವತಂತ್ರರು ಎಂಬದನ್ನು ಸೇನಾಪತಿಯೊಬ್ಬನು ಸಾರಿಸಿದ್ದು ಜೂನ್ 19ರಂದು. ಲಿಂಕನನ ಬಿಡುಗಡೆಯ ಘೋಷಣೆಯು ಎರಡೂವರೆ ವರುಷಗಳ ಮುಂಚೆ, 1863ನೆಯ ಜನವರಿ 1ರಂದೇ ಹೊರಟಿತ್ತು. ಅಷ್ಟು ದಿವಸ ಅವರು ಸ್ವತಂತ್ರರಾಗಿದ್ದುಕೊಂಡೇ ದಾಸರಾಗಿ ದುಡಿದರು.

ಇಲ್ಲಿ ನಮ್ಮ ಸೀಮೆಯ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಅಮೇರಿಕದ ಹತ್ತಿಯು ಯುದ್ಧದಿಂದ ನಿಂತುಹೋದಾಗ, ವಿಲಾಯತಿಯ ಗಿರಣಿಗಳವರು ಹಿಂದುಸ್ಥಾನದ ಹತ್ತಿಗೆ ಕೈಚಾಚಿದರು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಅಮೇರಿಕದ ತಳಿಯ ಹತ್ತಿಯನ್ನು ಅದಕ್ಕೆ ಸುಮಾರು ಇಪ್ಪತ್ತು ವರುಷ ಮುಂಚಿನಿಂದಲೇ ಬಿತ್ತುತ್ತಿದ್ದರು. ಬೆಲೆಯು ಹಲವು ಪಟ್ಟು ಏರಿತು. ಜೋಳ ಬಿತ್ತುವ ನೆಲದಲ್ಲಿಯೂ ಹತ್ತಿಯನ್ನು ಹಾಕಿದರು. ಹತ್ತಿಯ ಸೀಮೆಗಳಲ್ಲಿ ಒಕ್ಕಲಿಗರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡಿಸಿದರೆಂಬ ಮಾತೂ ಹುಟ್ಟಿತು. 1865ರಲ್ಲಿ ಅಲ್ಲಿ ಸಮಾಧಾನವಾಯಿತು. ಇಲ್ಲಿ ಬೆಲೆ ಬಿದ್ದಿತು. ಮುಂಬಯಿಯಲ್ಲಿ ಸಾಹುಕಾರರು ದಿವಾಳಿಯಾದರು. ಆ ಬೆಲೆಯನ್ನು ನಂಬಿ ಸಾಲ ಎತ್ತಿದ ರೈತನ ಹೆಗಲಿಗೆ ಸಾಲ ಉಳಿಯಿತು. ಇನ್ನೊಬ್ಬರ ಮನೆಯ ಜಗಳ ನಿಂತದ್ದಕ್ಕೆ ನಮ್ಮವರಲ್ಲಿ ಅತ್ತವರು ಇದ್ದರು. ನಾವು ಅವರನ್ನು ಖಂಡಿಸುವದಿಲ್ಲ, ಹೊಟ್ಟೆಪಾಡು ಅಂಥದು. ಆದರೆ ಮ್ಯಾಂಚೆಸ್ಟರಿನ ಗಿರಣಿಯ ಕೂಲಿಗಳ ಸಂಗತಿಯನ್ನು ಅದರ ಪಕ್ಕದಲ್ಲಿಡಬೇಕು. ಹತ್ತಿಯಿಲ್ಲದೆ ಕೆಲಸ ಹೋಗಿ ಉಪವಾಸವಿದ್ದ ಆ ಊರಿನಲ್ಲಿಯೇ ಕೂಲಿಗಳು 1862ನೆಯ ವರುಷದ ಕಡೆಯ ದಿವಸ ಸಭೆ ಕೂಡಿ, ದಾಸರ ಬಿಡುಗಡೆಯ ಪಕ್ಷವಾಗಿ ಲಿಂಕನನಿಗೆ ಪತ್ರ ಬರೆದು ಕಳುಹಿಸಿದರು.

ದಾವೀದನ ಕಡೆಗೆ ತಿರುಗೋಣ. ಅವನು ಮುಖ ಮುಚ್ಚಿಕೊಂಡು ಅಳುತ್ತಿರುವಾಗ ಯೋವಾಬನು ಬಂದು ಗದರಿಸಿದನು. ಅಬ್ಷಾಲೋಮನನ್ನು ತಿವಿದು ಕೊಂದ ಅದೇ ಯೋವಾಬನು. ಅವನ ಕೈ ಕ್ರೂರವಾದದ್ದು, ಆದರೆ ಅಂದು ಅವನ ಮಾತು ಸರಿಯಾಗಿತ್ತು. ಬದುಕಿ ಉಳಿದ ಜನರು ಬಾಗಲಲ್ಲಿ ಕಾದಿದ್ದಾರೆ. ಎದ್ದು ಅವರ ಸಂಗಡ ಮಾತಾಡು ಎಂಬದೇ ಅದರ ತಾತ್ಪರ್ಯ. ಅರಸನು ಎದ್ದು ಬಾಗಲಲ್ಲಿ ಕೂತನು. ಅಪೊಮ್ಯಾಟಕ್ಸಿನಲ್ಲಿ ಗ್ರ್ಯಾಂಟನೂ ಹೀಗೆ ಒಂದು ಒಳ್ಳೇ ಕೆಲಸವನ್ನು ಮಾಡಿದನು. ಸೋತ ದಂಡಿನ ಕುದುರೆಗಳೂ ಹೇಸರಕತ್ತೆಗಳೂ ಬಹುಮಟ್ಟಿಗೆ ಸಿಪಾಯಿಗಳು ಮನೆಯಿಂದ ತಂದವುಗಳು. ಅದು ವಸಂತಕಾಲ, ಬಿತ್ತನೆಯ ಹದ. ಉಳುವ ಪ್ರಾಣಿ ಇಲ್ಲದೆ ಇವರು ಮನೆಗೆ ಹೋದರೆ ಮುಂದಿನ ಚಳಿಗಾಲದಲ್ಲಿ ಹೆಂಡತಿ ಮಕ್ಕಳು ಸಾಯುವರೆಂದು ತಿಳಿದು, ತಮ್ಮತಮ್ಮ ಪ್ರಾಣಿಗಳನ್ನು ಹೊಡಕೊಂಡು ಹೋಗಲಿ ಎಂದು ಅಪ್ಪಣೆ ಕೊಟ್ಟನು. ಹಸಿದಿದ್ದ ಅವರಿಗೆ 25,000 ಮಂದಿಗೆ ಸಾಕಾಗುವ ಆಹಾರವನ್ನು ಕೊಡಿಸಿದನು. ತನ್ನ ಕಡೆಯವರು ಸಂತೋಷದಿಂದ ತೋಪು ಹಾರಿಸತೊಡಗಿದಾಗ ಅದನ್ನು ನಿಲ್ಲಿಸಿದನು. ನೇಗಿಲ ಮೇಣಿ ಹಿಡಿದ ನಿಮಗೆ ಈ ಕುದುರೆಗಳ ಮಾತಿನ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರ ವರೆಗೆ ಚೆನ್ನಾಯಿತು. ಈಗ 24ನೆಯ ವಚನಕ್ಕೆ ಬರುತ್ತೇವೆ. ನಾವು ಈ ಪ್ರಸಂಗವನ್ನು ಬರೆದದ್ದೇ ಈ ವಚನಕ್ಕೋಸ್ಕರ.

ಸೌಲನ ಮೊಮ್ಮಗನಾದ ಮೆಫೀಬೋಶೆತನು ಎರಡು ಕಾಲೂ ಕುಂಟಾದವನು. ಅರಸನು ಊರು ಬಿಟ್ಟ ದಿವಸದಿಂದ ಅವನು ಕಾಲು ತೊಳೆಯಲಿಲ್ಲ, ಗಡ್ಡ ಕತ್ತರಿಸಲಿಲ್ಲ, ಬಟ್ಟೆ ಒಗೆಸಲಿಲ್ಲ. ಅವನ ಆಳಾದ ಚೀಬನು ಅರಸನ ಹತ್ತಿರ ಅವನ ಮೇಲೆ ಚಾಡಿ ಹೇಳಿ, ಅವನ ಹೊಲಗಳನ್ನೆಲ್ಲಾ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದನು. ಇಬ್ಬರಲ್ಲಿ ಸುಳ್ಳುಗಾರನು ಯಾರೆಂದು ವ್ಯಾಖ್ಯಾನಗಾರರು ವಾದಿಸುತ್ತಾರೆ; ನಮಗೆ ಆ ತೊಳೆಯದ ಕಾಲುಗಳ ಸಾಕ್ಷಿ ಸಾಕು. ದಾವೀದನು ಏನು ಮಾಡಿದನು? ಅಂದು ಅವನಿಗೆ ಅವಸರ. ಶಪಿಸಿದ ಶಿಮ್ಮಿಗೆ ಕ್ಷಮೆ ಆಗಿತ್ತು. ಯೂದದವರೂ ಇಸ್ರಾಯೇಲಿನವರೂ ಅರಸನನ್ನು ಕರಕೊಂಡು ಹೋಗುವದಕ್ಕೆ ಪೈಪೋಟಿ ಮಾಡುತ್ತಿದ್ದರು. ಮಾತು ಸಾಕು, ನೀನೂ ಚೀಬನೂ ಹೊಲವನ್ನು ಹಂಚಿಕೊಳ್ಳಿರಿ ಎಂದು ತೀರ್ಪು ಕೊಟ್ಟನು. ಬಲವಂತರ ಸಂಗಡ ಸಮಾಧಾನ ಮಾಡುವ ಅವಸರದಲ್ಲಿ ಕುಂಟನ ನ್ಯಾಯವು ಅರ್ಧವಾಯಿತು.

ಅಮೇರಿಕದಲ್ಲಿ ಅರ್ಧವೂ ದೊರೆಯಲಿಲ್ಲ. 1865ನೆಯ ಜನವರಿ 12ರಂದು ಸವಾನ್ನಾ ಪಟ್ಟಣದಲ್ಲಿ ಉತ್ತರದ ಸೇನಾಪತಿಯಾದ ಶೆರ್ಮನನೂ ಯುದ್ಧಮಂತ್ರಿಯೂ ಕಪ್ಪುಜನರ 20 ಮಂದಿ ಸಭಾಸೇವಕರನ್ನು ಕರೆಸಿ, ನಿಮ್ಮವರಿಗೆ ಏನು ಬೇಕೆಂದು ಕೇಳಿದರು. ಅವರ ಪರವಾಗಿ ಗ್ಯಾರಿಸನ್ ಫ್ರೇಜಿಯರ್ ಎಂಬ 67 ವರುಷದ ಬ್ಯಾಪ್ಟಿಸ್ಟ್ ಬೋಧಕನು ಉತ್ತರ ಕೊಟ್ಟನು. ಅವನು ತನ್ನನ್ನೂ ತನ್ನ ಹೆಂಡತಿಯನ್ನೂ 1,000 ಡಾಲರ್ ಬೆಳ್ಳಿಬಂಗಾರ ತೆತ್ತು ಬಿಡಿಸಿಕೊಂಡವನು. ಅವನು ದಾನವನ್ನು ಕೇಳಲಿಲ್ಲ. ನೆಲ ಬೇಕು, ನಮ್ಮ ಕೈಗಳಿಂದ ಅದನ್ನು ಉತ್ತು ನಮ್ಮನ್ನು ನಾವೇ ಪೋಷಿಸಿಕೊಳ್ಳುತ್ತೇವೆ ಎಂಬದೇ ಅವನ ಉತ್ತರದ ಅಭಿಪ್ರಾಯ. ನಾಲ್ಕು ದಿವಸಗಳಲ್ಲಿ ಶೆರ್ಮನನು ಅಪ್ಪಣೆ ಹೊರಡಿಸಿ, ಯಜಮಾನರು ಬಿಟ್ಟು ಓಡಿದ ಸಮುದ್ರತೀರದ ನೆಲವನ್ನು ಸಂಸಾರಕ್ಕೆ 40 ಎಕರೆ ಮೀರದಂತೆ ಹಂಚಿಸಿದನು. ಸುಮಾರು 40,000 ಮಂದಿ ಅಲ್ಲಿ ನೆಲೆಸಿ ಬಿತ್ತಿದರು.

ಲಿಂಕನನು ಸತ್ತ ಮೇಲೆ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನನು ದಂಗೆಯೆದ್ದ ಯಜಮಾನರಿಗೆ ಕ್ಷಮೆ ಕೊಟ್ಟನು. ಕ್ಷಮೆಯ ಸಂಗಡ ನೆಲವನ್ನೂ ಹಿಂದಕ್ಕೆ ಕೊಡಿಸಿದನು. ಈ ಸುದ್ದಿಯನ್ನು ಹೇಳುವದಕ್ಕಾಗಿ ಆ ವರುಷದ ಅಕ್ಟೋಬರಿನಲ್ಲಿ ಸೇನಾಪತಿ ಹವರ್ಡನು ಎಡಿಸ್ಟೋ ಎಂಬ ದ್ವೀಪಕ್ಕೆ ಹೋದನು. ಅವನು ದೈವಭಕ್ತನೂ ದಾಸರ ಹಿತಚಿಂತಕನೂ ಆಗಿದ್ದನು; ಯುದ್ಧದಲ್ಲಿ ಬಲಗೈಯನ್ನು ಕಳಕೊಂಡಿದ್ದನು. ದೇವಾಲಯವು ಜನರಿಂದ ಕಿಕ್ಕಿರಿದಿತ್ತು. ನೆಲವನ್ನು ಬಿಡಬೇಕು, ಹಳೆಯ ಯಜಮಾನರ ಮೇಲಿನ ಕಹಿಯನ್ನು ಮರೆತು ಅವರ ಸಂಗಡ ಕೂಲಿಯ ಒಪ್ಪಂದ ಮಾಡಿಕೊಳ್ಳಬೇಕು ಎಂದು ಅವನು ಹೇಳಿದಾಗ ಗೊಂದಲವೆದ್ದಿತು. ಅದರ ನಡುವೆ ಒಬ್ಬ ಸ್ತ್ರೀಯು ದುಃಖದ ಒಂದು ಕೀರ್ತನೆಯನ್ನು ಎತ್ತಿದಳು, ಜನರೆಲ್ಲಾ ಕೂಡಿ ಹಾಡಿದರು. ಹವರ್ಡನು ಅತ್ತನೆಂದು ಹೇಳುತ್ತಾರೆ.

ತರುವಾಯ ಆ ದ್ವೀಪದವರು ಅವನಿಗೆ ಒಂದು ಪತ್ರವನ್ನು ಬರೆದರು. ಅದರ ಅರ್ಥವು ಇಷ್ಟು: ನೀವು ಕಳಕೊಂಡದ್ದು ಒಂದು ಕೈ, ನೀವು ಕ್ಷಮಿಸಬಹುದು, ನನ್ನನ್ನು ಮರಕ್ಕೆ ಕಟ್ಟಿ 39 ಪೆಟ್ಟು ಹೊಡೆದು, ನನ್ನ ತಾಯಿಯನ್ನೂ ತಂಗಿಯನ್ನೂ ಬಾರಿಸಿ, ಈಗಲೂ ನನಗೆ ನೆಲ ಸಿಕ್ಕದಂತೆ ಒಳಸಂಚು ಮಾಡುವವನನ್ನು ನಾನು ಹೇಗೆ ಕ್ಷಮಿಸಲಿ?

ಪ್ರಿಯರೇ, ಕ್ಷಮಿಸಿರಿ ಎಂದು ಬೋಧಿಸುವದು ನಮ್ಮ ಉದ್ಯೋಗ. ಈ ಪತ್ರವನ್ನು ಓದಿದಾಗ ನಾವು ಬಹಳ ಹೊತ್ತು ಸುಮ್ಮನಿದ್ದೆವು. ಮೂವತ್ತೊಂಬತ್ತು ಪೆಟ್ಟುಗಳ ಲೆಕ್ಕವು ನಿಮಗೆ ಹೊಸದಲ್ಲ. ಅಪೊಸ್ತಲನಾದ ಪೌಲನು ಐದು ಸಾರಿ ಅಷ್ಟನ್ನೇ ತಿಂದನೆಂದು ಕೊರಿಂಥದವರಿಗೆ ಬರೆದನು. ಅವನು ಕ್ಷಮಿಸಿದನು ನಿಜ. ಆದರೆ ಹೊಡೆದವನು ಅಷ್ಟರಲ್ಲಿ ಅವನ ಹೊಲವನ್ನು ಹೊಕ್ಕು ಬೆಳೆ ಕೊಯ್ಯುತ್ತಿರಲಿಲ್ಲ. ಸುಂಕದವನಾದ ಜಕ್ಕಾಯನ ಮನೆಗೆ ರಕ್ಷಣೆ ಬಂದದ್ದು ಅವನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದ ದಿವಸದಲ್ಲಿ. ಎಡಿಸ್ಟೋದಲ್ಲಿ ಕ್ಷಮೆಯನ್ನು ಮೊದಲು ಪೆಟ್ಟು ತಿಂದವನ ಹತ್ತಿರ ಕೇಳಿದರು. ಹಿಂದಕ್ಕೆ ಕೊಡುವ ಮಾತನ್ನು ಹೊಡೆದವನ ಹತ್ತಿರ ಎತ್ತಲೇ ಇಲ್ಲ. ತಿರುಗಿ ಕೊಡಬೇಕೆಂದು ಬಂದದ್ದು ಪೆಟ್ಟು ತಿಂದವನಿಗೇ!

ಇದು ದೂರದೇಶದ ಸಂಗತಿ ಎಂದುಕೊಳ್ಳಬೇಡಿರಿ. ಬದುವಿನ ವ್ಯಾಜ್ಯದಲ್ಲಿ ಹತ್ತು ವರುಷ ಮಾತು ಬಿಟ್ಟ ಅಣ್ಣತಮ್ಮಂದಿರು ಕರ್ತನ ಭೋಜನಕ್ಕೆ ಮುಂಚೆ ಕೈ ಹಿಡಿದುಕೊಂಡದ್ದನ್ನು ನಾವು ಕಂಡಿದ್ದೇವೆ. ಸಭೆಯವರೆಲ್ಲಾ ದೇವರನ್ನು ಕೊಂಡಾಡಿದ್ದೂ ಉಂಟು. ಸತ್ತುಹೋದ ಮೂರನೆಯ ತಮ್ಮನ ಹೆಂಡತಿಯು ಮಗುವನ್ನು ಎತ್ತಿಕೊಂಡು ಹಿಂದಿನ ಚಾಪೆಯಲ್ಲಿ ಕೂತಿದ್ದಳು. ಅವಳ ಪಾಲು ಆ ಇಬ್ಬರ ರಾಜಿಯೊಳಗೆ ಕರಗಿಹೋಗಿತ್ತು. ಆ ರಾಜಿಗೆ ಸಾಕ್ಷಿಯಾಗಿ ನಿಂತು ಪ್ರಾರ್ಥನೆ ಮಾಡಿದವರು ನಾವೇ. ಅವಳನ್ನು ಒಂದು ಮಾತು ಕೇಳಬೇಕೆಂದು ಅಂದು ನಮಗೆ ತೋಚಲಿಲ್ಲ.

ಅಮೇರಿಕದ ಸಭೆಗಳೂ ಹೀಗೆಯೇ ರಾಜಿಯಾದವು. ಇಬ್ಭಾಗವಾಗಿದ್ದ ಮೆಥೊಡಿಸ್ಟರು 1939ರಲ್ಲಿ ಒಂದಾದರು. ಆದರೆ ದಕ್ಷಿಣದವರನ್ನು ಒಪ್ಪಿಸುವದಕ್ಕಾಗಿ ಕಪ್ಪುಜನರ ಸಭೆಗಳನ್ನು ಒಂದು ಬೇರೆ ಪ್ರಾಂತವಾಗಿ ವಿಂಗಡಿಸಿ ಇಟ್ಟರು. ಆ ಗೋಡೆ 1968ರಲ್ಲಿ ತೆಗೆಯಲ್ಪಟ್ಟಿತು. ಅಣ್ಣತಮ್ಮಂದಿರು ಕೈ ಹಿಡಿದರು. ಹಿಂದಿನ ಚಾಪೆಯವರು ಅಲ್ಲಿಯೇ ಉಳಿದರು.

ಮೆಫೀಬೋಶೆತನು ತೊಳೆಯದ ಬಟ್ಟೆಯಲ್ಲಿ ಕಾದಿದ್ದನಷ್ಟೆ. ಆ ಜನರೂ ಕಾದರು, ಹೇಗಂದರೆ: ದಾಸತ್ವದ ಕಾಲದಲ್ಲಿ ತಾಯಿಯನ್ನು ಒಬ್ಬನಿಗೆ, ಮಗನನ್ನು ಇನ್ನೊಬ್ಬನಿಗೆ ಮಾರಿದ್ದರು, ಅವರ ಮದುವೆಗಳಿಗೆ ಕಾಯಿದೆಯ ಮಾನ್ಯತೆ ಇರಲಿಲ್ಲ, ಯಜಮಾನನು ಬದಲಾದ ಹಾಗೆ ಮನೆತನದ ಹೆಸರೂ ಬದಲಾಗುತ್ತಿತ್ತು. ಯುದ್ಧ ತೀರಿದೊಡನೆ ಅವರು ತಮ್ಮವರನ್ನು ಹುಡುಕುತ್ತಾ ಹೊರಟರು. ನಡೆಯಲಾರದವರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು. ಫಿಲಡೆಲ್ಫಿಯಾದಲ್ಲಿ ಕಪ್ಪುಜನರ ಮೆಥೊಡಿಸ್ಟ್ ಸಭೆಯವರು ‘ಕ್ರಿಶ್ಚಿಯನ್ ರೆಕಾರ್ಡರ್’ ಎಂಬ ಪತ್ರಿಕೆಯನ್ನು ನಡಿಸುತ್ತಿದ್ದರು. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಹಾಗೆ ಅದೂ ಸಭೆಗಳಿಗೋಸ್ಕರ ಇದ್ದದ್ದು. ಅದರಲ್ಲಿ ಇಂಥ ಪ್ರಕಟಣೆಗಳು ವಾರವಾರವೂ ಬಂದವು. ನನ್ನ ಮಗನ ಹೆಸರು ಇಂಥದು, ಅವನು ಇಷ್ಟು ಚಿಕ್ಕವನಿದ್ದಾಗ ಇಂಥ ಊರಲ್ಲಿ ಇಂಥವನಿಗೆ ಮಾರಲ್ಪಟ್ಟನು, ಕಂಡವರು ತಿಳಿಸಬೇಕು, ಬೋಧಕರು ದಯಮಾಡಿ ಇದನ್ನು ಸಭೆಯಲ್ಲಿ ಓದಬೇಕು ಎಂಬ ರೀತಿಯವು ಅವು.

ಓದುಬಾರದ ಸಭೆಯವರಿಗೆ ಬೋಧಕರು ಆರಾಧನೆಯ ಸಮಯದಲ್ಲಿ ಅವುಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ಇಂಥ ಪ್ರಕಟಣೆಗಳು ಆ ಜನರ ಪತ್ರಿಕೆಗಳಲ್ಲಿ 1900ರ ಆಚೆಗೂ ಬರುತ್ತಲೇ ಇದ್ದವು. ಅಷ್ಟು ಹೊತ್ತಿಗೆ ಕಳೆದುಹೋದ ಕೂಸಿಗೇ ತಲೆ ನರೆತಿರಬೇಕು. ಕಂಡು ಕೂಡಿಕೊಂಡವರು ಕೊಂಚ ಮಂದಿ. ಹೆಸರುಗಳನ್ನು ಓದಿ ನಿಲ್ಲಿಸಿದಾಗ ಹೆಚ್ಚಾಗಿ ಯಾರೂ ಏಳುತ್ತಿರಲಿಲ್ಲ. ಮುಂದಿನ ಆದಿತ್ಯವಾರ ಹೊಸ ಪತ್ರಿಕೆ ಬಂದಿರುತ್ತಿತ್ತು, ಬೋಧಕನು ಅದನ್ನು ಬಿಚ್ಚಿ ಮತ್ತೆ ಓದುತ್ತಿದ್ದನು.